ಗದ್ದುಗೆಯಿಂದ ಇಳಿಯಲಾಗದವರು

ಜಪಾನಿನ ಚಕ್ರವರ್ತಿಯೊಬ್ಬ ಒಂದಿಡೀ ಬೇಸಿಗೆ ನಮ್ಮ ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಬಿದ್ದುಕೊಂಡಿದ್ದ. ತಟ್ಟೆ ಇಡಬೇಕಾದರೆ ಅವನನ್ನು ಸರಿಸಬೇಕಿತ್ತು. ಮಗಳಿಗೆ ಶಾಲೆಯಿಂದ ಕೊಟ್ಟ ರಜೆಯ ಹೋಮ್‌ವರ್ಕ್ ಅದು: ಒಬ್ಬ ಅರಸ, ಅವನ ಬದುಕು, ಅವನ ಸಂಸಾರ, ಎಲ್ಲ ಒಂದು ದೊಡ್ಡ ಚಾರ್ಟಿನಲ್ಲಿ. ಕ್ಲಾಸಿನ ಉಳಿದ ಮಕ್ಕಳು ಎಲ್ಲರಿಗೂ ಗೊತ್ತಿರುವ ಅರಸರನ್ನು ಹಿಡಿದು ಸುಲಭದಲ್ಲಿ ಮುಗಿಸಿದರು. ನನ್ನ ಮಗಳಿಗೆ ಜಪಾನಿನ ಕಾರ್ಟೂನುಗಳ ಹುಚ್ಚು. ಐನೂರು ವರ್ಷಗಳ ಹಿಂದೆ ಸತ್ತ, ಹೆಸರು ಹೇಳಲು ಹೋದರೆ ನಾಲಿಗೆ ಹೊರಳದ ಒಬ್ಬನನ್ನು ಎಲ್ಲಿಂದಲೋ ಹುಡುಕಿ ತಂದಳು. ನಾವು ಅವನನ್ನು ಬರೀ ಚಕ್ರವರ್ತಿ ಎಂದು ಕರೆದೆವು, ಕೆಳಗಿನ ಮಹಡಿಯವರ ಬಗ್ಗೆ ಮಾತಾಡಿದಷ್ಟು ಸಲೀಸಾಗಿ.

ಆ ವರ್ಷ ನಾವು ಕೊಲ್ಲಿಯಿಂದ ಊರಿಗೆ ಹೋಗಲಿಲ್ಲ. ನನ್ನ ಅಮ್ಮ ಹಾಲಿನ ಕಿಟಕಿಯ ಪಕ್ಕ ಮಂಚ ಹಾಕಿಕೊಂಡು ಮಲಗಿದ್ದಳು. ಕಾಯಿಲೆ ಮೂಳೆಗೆ ಇಳಿದಿತ್ತು. ಇನ್ನು ಮಾಡುವಂಥದ್ದು ಹೆಚ್ಚೇನೂ ಇಲ್ಲ, ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ನನಗೆ ಆಸ್ಪತ್ರೆಯೊಂದರಲ್ಲಿ ಇನ್ಶೂರೆನ್ಸ್ ಕೌಂಟರಿನ ಕೆಲಸ. ದಿನವಿಡೀ ಜನರಿಗೆ ಅಪ್ರೂವಲ್ ಬಂದಿಲ್ಲ, ಕೂತುಕೊಳ್ಳಿ ಅನ್ನುವುದು, ಅವರು ನನ್ನ ಮೇಲೆ ರೇಗುವುದು, ಸಂಜೆ ಮನೆಗೆ ಬಂದು ಅಮ್ಮನ ಬೆಡ್‌ಶೀಟು ಬದಲಾಯಿಸುವುದು. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ, ಗುರುವಾರ ಸಂಜೆ ಬಂದು ಶನಿವಾರ ರಾತ್ರಿ ಹೋಗುತ್ತಿದ್ದರು. ಬಂದವರು ಸುಸ್ತಾಗಿ ಮಲಗುತ್ತಿದ್ದರು. ಯಾರನ್ನು ಯಾರು ಬೈಯುವುದು? ನನಗೆ ಆ ದಿನಗಳಲ್ಲಿ ದುಃಖಕ್ಕಿಂತ ಹೆಚ್ಚು ಇದ್ದದ್ದು ಆಯಾಸ. ಇದನ್ನು ಹೇಳಲು ನನಗೆ ನಾಚಿಕೆಯೇನಿಲ್ಲ.

ಹಗಲಿನಲ್ಲಿ ಅಮ್ಮನ ಬಳಿ ಕೂರಲು ಇದ್ದವರು ಇಬ್ಬರು, ಮಗಳು ಮತ್ತು ಮಾವ. ಮಾವ ಎಂದರೆ ಅಮ್ಮನ ತಮ್ಮ. ಇಲ್ಲಿಯ ಹಳೆಯ ಪೇಟೆ ನೈಫ್‌ನಲ್ಲಿ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಅವರು ತಲೆಗೂದಲು ಕಪ್ಪಿದ್ದಾಗ ಸೇರಿದವರು, ಬಿಳಿಯಾದರೂ ಅಲ್ಲೇ ಇದ್ದರು. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನಾಲ್ಕು ಗಂಟೆಗೆ ತೆಗೆಯುತ್ತಾರಲ್ಲ, ಆ ಹೊತ್ತಿನಲ್ಲಿ ಉಳಿದವರೆಲ್ಲ ರೂಮಿಗೆ ಹೋಗಿ ನಿದ್ದೆ ಹೊಡೆಯುವಾಗ ಇವರು ಮೆಟ್ರೋ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ, ಲೀವ್ ಸಿಗಲಿಲ್ಲ ಮಾರಾಯ್ತಿ ಅನ್ನುತ್ತಿದ್ದರು. ಅವರ ತಾಯಿ ಬೇಗ ಹೋದದ್ದರಿಂದ ಅವರನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನನ್ನ ಅಮ್ಮ. ಅವರ ಪಾಲಿಗೆ ಅಕ್ಕನೂ ಅವಳೇ, ತಾಯಿಯೂ ಅವಳೇ.

ಈ ಮಾವ ನಮ್ಮ ಊರಿನಲ್ಲಿ ಸಣ್ಣ ಮಟ್ಟಿಗೆ ಒಬ್ಬ ಅರಸ. ಉಡುಪಿಯ ಕಡೆ ನಮ್ಮಂಥ ಕೆಲವು ಹಳೆಯ ಮನೆತನಗಳಲ್ಲಿ ದೈವದ ಎದುರು ಮನೆಯ ಹಿರಿಯ ಗಂಡಸನ್ನು ಗಡಿಗೆ ಕೂರಿಸುತ್ತಾರೆ. ಗಡಿ ಎಂದರೆ ಗದ್ದುಗೆ. ಅದು ಅಪ್ಪನಿಂದ ಮಗನಿಗೆ ಬರುವುದಲ್ಲ, ಸೋದರಮಾವನಿಂದ ಅಕ್ಕತಂಗಿಯರ ಮಗನಿಗೆ ಬರುವುದು. ಹಿಂದೆ ಗಡಿಯಲ್ಲಿದ್ದ ಇವರ ಸೋದರಮಾವ ತೀರಿಹೋದ ವರ್ಷ ಇವರು ಒಂದು ತಿಂಗಳ ರಜೆಗೆಂದು ಊರಿಗೆ ಹೋದವರು ಕೈಗೆ ಚಿನ್ನದ ಬಳೆ ಹಾಕಿಸಿಕೊಂಡು, ಹೊಸ ಹೆಸರು ಪಡೆದು ವಾಪಸು ಬಂದರು. ಅಂದಿನಿಂದ ಊರಿನಲ್ಲಿ ಯಾರೂ ಅವರ ಹಳೆಯ ಹೆಸರು ಹೇಳುವುದಿಲ್ಲ. ಬಳೆ ತೆಗೆಯುವ ಹಾಗಿಲ್ಲ. ಹೋಟೆಲಿನಲ್ಲಿ ಉಣ್ಣುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟು, ಹೆಣ ನೋಡುವ ಹಾಗಿಲ್ಲ, ಸಾವಿನ ಮನೆಗೆ ಕಾಲಿಡುವ ಹಾಗಿಲ್ಲ. ಗಡಿಯಲ್ಲಿ ಕೂತವನು ಸಾವನ್ನು ಕಂಡರೆ ದೈವ ಸಹಿಸುವುದಿಲ್ಲ ಅಂತ. ನೈಫ್‌ನ ಒಂದು ರೂಮಿನಲ್ಲಿ ಐದು ಜನರ ಜೊತೆ ಮಲಗುವವನಿಗೆ ಇದೆಲ್ಲ ಕಟ್ಟು! ರೂಮಿನವರು ತಮಾಷೆಗೆ ಮಹಾರಾಜ್ ಅನ್ನುತ್ತಿದ್ದರು. ಆದರೆ ಅಡುಗೆಮನೆಯಲ್ಲಿ ಇವರ ಪಾತ್ರೆಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಪಾಪ.

ಮಗಳ ಚಾರ್ಟಿನಲ್ಲಿ ಮೊದಲು ಜಗಳ ಎದ್ದದ್ದು ಪಟ್ಟ ಯಾರಿಗೆ ಎಂಬ ವಿಷಯಕ್ಕೆ. ಅವಳು ಚಕ್ರವರ್ತಿಯ ವಂಶವೃಕ್ಷ ಬರೆದಿದ್ದಳು: ಮೇಲೆ ಅಪ್ಪ, ನಡುವೆ ಇವನು, ಕೆಳಗೆ ಮಗ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದು ತಪ್ಪು ಅಂದರು. ಇವನ ಅಕ್ಕತಂಗಿಯರೆಲ್ಲಿ? ಸಿಸ್ಟರ್ಸ್ ಅಷ್ಟು ಇಂಪಾರ್ಟೆಂಟ್ ಅಲ್ಲ ಅಜ್ಜ, ಅಂದಳು ಮಗಳು. ಹಾಗಾದರೆ ಇವನ ನಂತರ ಪಟ್ಟ ಯಾರಿಗೆ ಹೋಯಿತು ಎಂದು ಕೇಳಿದರು. ಮಗನಿಗೆ. ಮಾವನಿಗೆ ನಂಬಿಕೆಯೇ ಬರಲಿಲ್ಲ. ಅಷ್ಟು ದೊಡ್ಡ ರಾಜ್ಯದಲ್ಲಿ ಒಬ್ಬ ಸೋದರಳಿಯ ಸಿಗಲಿಲ್ಲವಾ ಎಂದು ಕೇಳಿ, ಕೊನೆಗೆ ಹಾಲಿನ ಕಡೆ ತಿರುಗಿದರು.

“ಅಕ್ಕಾ, ಕೇಳಿದ್ಯಾ? ಪಟ್ಟ ಮಗನಿಗಂತೆ.”

“ಹಾಗಾದ್ರೆ ಹಾಳಾಗಿರ್ಬೇಕು,” ಅಂದಳು ಅಮ್ಮ ಮಲಗಿದಲ್ಲಿಂದಲೇ.

ನಮ್ಮೊಳಗಿನ ಮಾತು ತುಳು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಉಪ್ಪು ಕಡಿಮೆಯಾಗುತ್ತದೆ. ಆದರೆ ಆ ದಿನ ಮೂವರೂ ನಕ್ಕದ್ದು ನನಗೆ ನೆನಪಿದೆ. ಮಗಳು ಮತ್ತೆ ಹುಡುಕಿ ಚಕ್ರವರ್ತಿಯ ಮನೆಯ ಹೆಣ್ಣುಮಕ್ಕಳಿಗೆಂದು ಬದಿಯಲ್ಲಿ ಕೆಂಪು ಪೆನ್ನಿನಿಂದ ಎರಡು ಚೌಕ ಹಾಕಿದಳು. ಅಜ್ಜನ ಸಮಾಧಾನಕ್ಕೆ.

ಅಮ್ಮನಿಗೆ ಊಟ ಸೇರದಂತಾದ ಮೇಲೆ ಮಾವ ಒಂದು ಶುಕ್ರವಾರ ನನ್ನನ್ನು ಬಾಲ್ಕನಿಗೆ ಕರೆದು, ಗಡಿ ಬಿಡುತ್ತೇನೆ ಅಂದರು. ಬೇರೆ ಯಾವ ಕಾರಣವೂ ಇಲ್ಲ. ಅಕ್ಕನ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿ ಕೂರಬೇಕು, ಹೋದ ಮೇಲೆ ಒಮ್ಮೆ ಮುಖ ನೋಡಬೇಕು, ಬಾಯಿಗೆ ನೀರು ಬಿಡಬೇಕು. ಗಡಿಯಲ್ಲಿ ಇದ್ದುಕೊಂಡು ಅದು ಸಾಧ್ಯವಿಲ್ಲ. ಹೊರಗೆ ಬಿಸಿಗಾಳಿ. ಅವರ ಕೈಯ ಬಳೆ ಬೆವರಿಗೆ ಅಂಟಿಕೊಂಡಿತ್ತು. ಅಷ್ಟು ವರ್ಷಗಳಲ್ಲಿ ಅವರು ತಮಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಊರಿನಲ್ಲಿ ಮನೆಯ ದೈವದ ಕೆಲಸಗಳನ್ನೆಲ್ಲ ನೋಡಿಕೊಳ್ಳುವವರು ಮಾವನ ದಾಯಾದಿ ತಮ್ಮ ಒಬ್ಬರು. ಮಾವ ಅವರಿಗೆ ಫೋನ್ ಮಾಡಿದರು. ಗಡಿ ಬಿಡಬಹುದಾ ಅಂತಷ್ಟೇ ಕೇಳಿದರು, ಕಾರಣ ಹೇಳಲಿಲ್ಲ. ಅವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಒಂದು ವಾರ ಬಿಟ್ಟು ಉತ್ತರ ಹೇಳಿದರು. ಗಡಿ ಹತ್ತಿದವನು ಇಳಿಯುವುದು ಅಂತ ಇಲ್ಲ, ಉಸಿರಿರುವ ತನಕ ಅವನೇ. ಅಷ್ಟಕ್ಕೂ ಇಳಿದರೆ ಹತ್ತುವವರು ಯಾರು? ಆ ಪ್ರಶ್ನೆ ತಿರುಗಿ ನಮ್ಮ ಮನೆಗೇ ಬಂತು, ಯಾಕೆಂದರೆ ಮುಂದಿನ ಸರದಿ ನನ್ನ ತಮ್ಮನದು.

ತಮ್ಮ ಇಲ್ಲೇ, ನಗರದ ಇನ್ನೊಂದು ತುದಿಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಇದ್ದ. ನಾನೇ ಹೋಗಿ ಮಾತಾಡಿದೆ. ಅವನ ಹೆಂಡತಿ ಚಹಾ ಮಾಡಿಕೊಟ್ಟು ಒಳಗೆ ಹೋದಳು. ತಿಂಗಳಲ್ಲಿ ಹದಿನೈದು ದಿನ ಪ್ರಯಾಣದ ಕೆಲಸ ತನ್ನದು, ಹೋಟೆಲಿನಲ್ಲಿ ಉಣ್ಣಬೇಡ ಅಂದರೆ ಉಪವಾಸ ಬೀಳಬೇಕಾ ಎಂದು ಕೇಳಿದ. ನಾನು ಅಮ್ಮನ ಹೆಸರು ಹೇಳಿದೆ. ಅವನು ತಲೆ ತಗ್ಗಿಸಿ, “ಅಮ್ಮ ಹೋಗುವಾಗ ಮಾವನಿಗೆ ನೋಡ್ಬೇಕು ಅಂತ ಉಂಟು, ಸರಿ. ನಾನು ಗಡಿ ಹಿಡಿದ್ರೆ ನಂಗೆ ನೋಡ್ಲಿಕ್ಕೆ ಆಗ್ತದಾ ಅಕ್ಕ?” ಅಂದ. ನನಗೆ ಕೋಪ ಬಂತು. ಅದನ್ನು ಶೇಖ್ ಜಾಯೆದ್ ರಸ್ತೆಯ ಟ್ರಾಫಿಕ್ಕಿನ ಮೇಲೆ ತೀರಿಸಿಕೊಂಡು ಮನೆಗೆ ಬಂದೆ.

ಅಮ್ಮನಿಗೆ ಇದೆಲ್ಲ ಹೇಗೋ ಗೊತ್ತಾಯಿತು. ಮಾವನನ್ನು ಕರೆದು ಉಗಿದಳು. ತಾನೇ ಮುಂದೆ ನಿಂತು ಗಡಿಗೆ ಕೂರಿಸಿದ್ದು, ತಾನು ಹೋಗುವ ಹೊತ್ತಿಗೆ ಮನೆಯ ಗಡಿ ಖಾಲಿಯಾದರೆ ಯಾವ ಮೋರೆ ಇಟ್ಟುಕೊಂಡು ಹೋಗಲಿ ಅಂದಳು. ಮಾವ ಅವಳ ಕಾಲು ಒತ್ತುತ್ತಾ ಕೂತರು.

ಇತ್ತ ಚಕ್ರವರ್ತಿಯ ಕತೆ ಮುಂದುವರಿಯುತ್ತಿತ್ತು. ಮಗಳು ಇಂಗ್ಲಿಷಿನಲ್ಲಿ ಓದಿ, ಮಧ್ಯಾಹ್ನ ಮಾವ ಬಂದಾಗ ಅರ್ಧ ಇಂಗ್ಲಿಷು, ಅರ್ಧ ತುಳುವಿನಲ್ಲಿ ಹೇಳುತ್ತಿದ್ದಳು. ಚಕ್ರವರ್ತಿಯ ಅಪ್ಪ ಬದುಕಿರುವಾಗಲೇ ಮಗನಿಗೆ ಪಟ್ಟ ಬಿಟ್ಟುಕೊಟ್ಟು ಬದಿಗೆ ಕೂತನಂತೆ. ಇವನಿಗೆ ಇಪ್ಪತ್ತು ದಾಟಿತ್ತು ಅಷ್ಟೆ. ಸ್ವಲ್ಪ ವರ್ಷಕ್ಕೆ ರಾಜಧಾನಿಯಲ್ಲೇ ದಂಗೆ ಎದ್ದು, ಬೀದಿಬೀದಿಯೇ ಸುಟ್ಟುಹೋಯಿತು. ಚಕ್ರವರ್ತಿ ತನ್ನ ಅಪ್ಪನನ್ನೂ ಸಂಸಾರವನ್ನೂ ಕಟ್ಟಿಕೊಂಡು ಶೋಗನ್‌ನ ಮನೆಯಲ್ಲಿ ಹತ್ತು ವರ್ಷದ ಹತ್ತಿರ ಇರಬೇಕಾಯಿತು. ಶೋಗನ್ ಎಂದರೆ ಹೆಸರಿಗೆ ಸೇನಾಪತಿ, ನಿಜಕ್ಕೂ ಆಳುವವನು ಅವನೇ. ಶೇರಿಂಗ್ ಅಕಾಮಡೇಶನ್ ಅನ್ನು, ಅಂದರು ಮಾವ.

ಆ ಚಕ್ರವರ್ತಿಗೆ ಸಾಕಾಗಿತ್ತು. ಪಟ್ಟ ಬಿಡುತ್ತೇನೆ ಅಂತ ಒಂದಲ್ಲ, ಹಲವು ಸಲ ಹೇಳಿದನಂತೆ. ಪ್ರತಿ ಸಲವೂ ಯಾರಾದರೂ ಬಂದು ಬೇಡ ಅಂದರು, ಈಗ ಬೇಡ ಅಂದರು, ಸ್ವಲ್ಪ ತಡೆಯಿರಿ ಅಂದರು. ಪಟ್ಟ ಬಿಡುವುದಕ್ಕೂ ಮುಂದಿನವನನ್ನು ಕೂರಿಸುವುದಕ್ಕೂ ದೊಡ್ಡ ಸಮಾರಂಭ ಆಗಬೇಕು, ಅದಕ್ಕೆ ಬೊಕ್ಕಸದಲ್ಲಿ ಏನೂ ಇಲ್ಲ. ತಮಾಷೆ ಏನೆಂದರೆ ಶೋಗನ್ ಮಾತ್ರ ತನ್ನ ಅಧಿಕಾರವನ್ನು ಮಗನಿಗೆ ಕೊಟ್ಟು, ಬೆಟ್ಟದ ಬುಡದಲ್ಲಿ ಚಂದದ ತೋಟ ಮಾಡಿಸಿಕೊಂಡು ಆರಾಮಾಗಿ ಕೂತ. ಅವನು ಇಳಿಯಬಹುದು, ಇವನು ಇಳಿಯುವ ಹಾಗಿಲ್ಲ. ಮಾವ ಇದನ್ನು ಎರಡು ಸಲ ಹೇಳಿಸಿಕೊಂಡರು.

ಅವರು ಅತಿ ಹೆಚ್ಚು ಹಿಡಿದುಕೊಂಡದ್ದು ಮಾತ್ರ ಬೇರೆ ಒಂದು ವಿಷಯ. ಆ ಆಸರೆಯ ಮನೆಯಲ್ಲೇ ಚಕ್ರವರ್ತಿಯ ಅಪ್ಪ ತೀರಿಹೋದ. ಅಲ್ಲಿಯೂ ಸಾವಿನ ಮೈಲಿಗೆ ಚಕ್ರವರ್ತಿಗೆ ತಾಗಬಾರದು ಎಂಬ ಕಟ್ಟುಗಳಿದ್ದವು ಅಂತ ಮಗಳು ಓದಿ ಹೇಳಿದ್ದೇ ತಡ, ಮಾವ ಕೂತಲ್ಲಿಂದ ಮುಂದಕ್ಕೆ ಬಾಗಿದರು.

“ಅಪ್ಪನನ್ನು ನೋಡಿದ್ನಾ ಇವ?”

ಮಗಳಿಗೆ ಗೊತ್ತಿರಲಿಲ್ಲ. ಹುಡುಕು ಅಂದರು. ಹುಡುಕಿದಳು, ಸಿಗಲಿಲ್ಲ. ಮರುದಿನವೂ ಕೇಳಿದರು, ಅದರ ಮರುದಿನವೂ. ಯುದ್ಧ ಎಲ್ಲಿ ನಡೆಯಿತು, ಯಾವ ಬೀದಿ ಸುಟ್ಟಿತು ಅಂತೆಲ್ಲ ಬರೆದವರಿಗೆ, ಒಂದೇ ಸೂರಿನ ಅಡಿಯಲ್ಲಿ ಸತ್ತ ಅಪ್ಪನ ಮುಖವನ್ನು ಮಗ ನೋಡಿದನೋ ಇಲ್ಲವೋ ಬರೆಯಲಿಕ್ಕೆ ಏನು ಧಾಡಿಯಾಗಿತ್ತು ಎಂದು ಅವರು ರೇಗಿದರು. ಮಗಳ ಮೇಲೆ ಅವರು ರೇಗಿದ್ದು ಅದೊಂದೇ ಸಲ. ಆಮೇಲೆ ಅವರೇ ಕೆಳಗಿನ ಗ್ರೋಸರಿಗೆ ಹೋಗಿ ಅವಳಿಗೆ ಐಸ್‌ಕ್ರೀಮ್ ತಂದರು.

ಆಗಸ್ಟ್ ಕೊನೆಗೆ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸ್ ಬಂದ ಹೊತ್ತಿಗೆ ಮಾವ ಮನೆಯಲ್ಲೇ ಇದ್ದರು. ಸ್ಟ್ರೆಚರು, ಇಬ್ಬರು ಆಳುಗಳು, ನಾನು, ಇಷ್ಟಕ್ಕೇ ನಮ್ಮ ಕಟ್ಟಡದ ಲಿಫ್ಟು ತುಂಬಿತು. ಮಾವ ಲಿಫ್ಟಿನ ಬಾಗಿಲು ಮುಚ್ಚದ ಹಾಗೆ ಅಂಗೈ ಒತ್ತಿ ಹಿಡಿದು ನಿಂತರು. ಅಮ್ಮ ಆಮ್ಲಜನಕದ ಮಾಸ್ಕಿನೊಳಗಿಂದ ಅವರನ್ನು ನೋಡಿ, ಆಸ್ಪತ್ರೆಗೆ ಬರಬೇಡ ಅಂತ ಕೈ ಆಡಿಸಿದಳು. ಅವರು ಕೈ ತೆಗೆದರು.

ಬಂದರು, ಆದರೆ ಒಳಗೆ ಬರಲಿಲ್ಲ. ಆಸ್ಪತ್ರೆ ಎಂದ ಮೇಲೆ ಯಾವ ಹೊತ್ತಿಗೆ ಯಾವ ಮಂಚದಲ್ಲಿ ಯಾರು ಹೋಗುತ್ತಾರೋ ಹೇಳುವುದು ಹೇಗೆ? ರಸ್ತೆಯ ಆಚೆ ಬಸ್ ಸ್ಟಾಪ್ ಇತ್ತು, ಗಾಜಿನ ಗೋಡೆಯ, ಏಸಿ ಹಾಕಿದ ಸ್ಟಾಪು. ಮಾವ ಅಂಗಡಿಗೆ ರಜೆ ಹಾಕಿ ಅಲ್ಲಿ ಕೂತರು. ಬಸ್ಸು ಬಂದು ಬಾಗಿಲು ತೆರೆಯುತ್ತಿತ್ತು, ಇವರು ಬೇಡ ಅಂತ ಕೈ ಆಡಿಸುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ಡ್ರೈವರುಗಳಿಗೆ ಗುರುತು ಸಿಕ್ಕಿ ಬಾಗಿಲು ತೆರೆಯುವುದನ್ನೇ ಬಿಟ್ಟರು. ನಾನು ವಾರ್ಡಿನ ಕಿಟಕಿಯಿಂದ ನೋಡುತ್ತಿದ್ದೆ. ಮಗಳು ಅವರಿಗೆ ಮನೆಯ ಊಟದ ಬುತ್ತಿ ತಂದುಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದಳು. ಬಳೆ ಬಿಸಾಡಿ ಬನ್ನಿ ಮಾವ ಅಂತ ಕಿಟಕಿಯಿಂದ ಕೂಗಬೇಕು ಅನ್ನಿಸುತ್ತಿತ್ತು. ಆದರೆ ಅಮ್ಮ ಎಚ್ಚರವಾದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, ಅವನು ಒಳಗೆ ಬಂದಿಲ್ಲ ತಾನೆ?

ಚಕ್ರವರ್ತಿಯ ಕೊನೆ ಏನಾಯಿತು ಅಂತ ಮಾವ ಕೇಳಿದ್ದು ಆ ಸ್ಟಾಪಿನಲ್ಲಂತೆ. ಹೇಳಬೇಡ ಅಂತ ನಾನು ಮಗಳಿಗೆ ಮೊದಲೇ ತಾಕೀತು ಮಾಡಿದ್ದೆ. ಆದರೆ ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಪ್ಪನ ಹಾಗೆ. ಹೇಳಿಬಿಟ್ಟಳು. ಯಾರೂ ಬಿಡಲಿಲ್ಲ, ಪಟ್ಟದಲ್ಲೇ ಸತ್ತ. ಸತ್ತ ಮೇಲೂ ಬಿಡುಗಡೆ ಇಲ್ಲ, ಅಂತ್ಯಕ್ರಿಯೆಗೆ ಬೇಕಾದ್ದು ಹೊಂದಿಸಲಾಗದೆ ತಿಂಗಳು ಕಳೆದರೂ ದೇಹ ಅರಮನೆಯಲ್ಲೇ ಇತ್ತು. ಮಗನಿಗೆ ಸರಿಯಾಗಿ ಪಟ್ಟಾಭಿಷೇಕ ಆಗಲು ಮತ್ತೆ ಇಪ್ಪತ್ತು ವರ್ಷದ ಮೇಲೆ ಹಿಡಿಯಿತು. ಮಾವ ಬುತ್ತಿಯ ಮುಚ್ಚಳ ಹಾಕಿ, ಪಾಪ, ಅಂದರಂತೆ. ಆಮೇಲೆ, ಆ ಮಗನಾದರೂ ನೋಡಿರಬಹುದು, ಅಷ್ಟು ದಿನ ಮನೆಯಲ್ಲೇ ಇತ್ತಲ್ಲ, ಅಂದರಂತೆ.

ಅಮ್ಮ ಹೋದದ್ದು ಮರುದಿನ ಬೆಳಗ್ಗೆ, ನರ್ಸು ಕಿಟಕಿಯ ಪರದೆ ಸರಿಸುತ್ತಿದ್ದ ಹೊತ್ತಿಗೆ. ತಮ್ಮ ಬಂದು ತಲುಪಿದ್ದ, ಅವನೇ ಬಾಯಿಗೆ ನೀರು ಬಿಟ್ಟ. ನಾನು ಕೆಳಗಿಳಿದು ರಸ್ತೆ ದಾಟಿದೆ. ಗಾಜಿನ ಆಚೆಯಿಂದ ನನ್ನನ್ನು ನೋಡಿದ ಕೂಡಲೇ ಮಾವನಿಗೆ ಗೊತ್ತಾಯಿತು. ನಾನು ಹತ್ತಿರ ಹೋದರೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಅಮ್ಮನನ್ನು ಮುಟ್ಟಿ ಬಂದವಳು. ಅತ್ತು ಒರಗಲು ಒಂದು ಹೆಗಲು ಬೇಕಿತ್ತು ನನಗೆ. ಅದೂ ಇಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅದು ಎಲ್ಲಿಗೆ ಹೋಗುವುದೆಂದು ನೋಡದೆ ಮಾವ ಕೈ ಮುಂದೆ ಮಾಡಿದರು. ಬಾಗಿಲು ತೆರೆಯಿತು, ಹತ್ತಿ ಹೋದರು.

ದಹನ ಇಲ್ಲಿಯೇ, ಜೆಬೆಲ್ ಅಲಿಯ ಕಡೆ ಆಯಿತು. ಬೇಕಾದ ಕಾಗದಗಳಿಗೆ ಅಲೆದದ್ದು, ವೀಸಾ ಕ್ಯಾನ್ಸಲ್ ಮಾಡಿಸಿದ್ದು ಎಲ್ಲ ನನ್ನ ಗಂಡ. ಆ ದಿನಗಳಲ್ಲಿ ನನಗೆ ಅವರ ಮೇಲಿನ ಸಿಟ್ಟು ಕರಗಿತು. ಶಾಲೆ ಶುರುವಾಗಿ ಮಗಳು ಚಾರ್ಟು ಒಪ್ಪಿಸಿದಳು. ಬದಿಯ ಕೆಂಪು ಚೌಕಗಳು ಯಾಕೆ ಅಂತ ಟೀಚರು ಕೇಳಿದರಂತೆ. ಫ್ಯಾಮಿಲಿ ರೂಲ್ ಅಂದಳಂತೆ ಇವಳು.

ಸೂತಕ ಕಳೆದ ಮೇಲಿನ ಶುಕ್ರವಾರ ಮಾವ ಮೊದಲ ಸಲ ಮನೆಗೆ ಬಂದರು. ಅಮ್ಮನ ಮಂಚ ತೆಗೆದಿದ್ದೆವು. ಅವರು ಆ ಜಾಗದ ಕಡೆ ನೋಡದೆ ಮೇಜಿನ ಬಳಿ ಕೂತರು. ಅನ್ನ ಬಡಿಸಿದೆ, ಬಂಗುಡೆ ಸಾರು ಹಾಕಿದೆ. ಎರಡು ತುತ್ತು ಉಂಡಿರಬೇಕು, ಊರಿನಿಂದ ಫೋನು ಬಂತು, ಅದೇ ದಾಯಾದಿ ತಮ್ಮ. ಕೈ ಎಂಜಲಾಗಿದ್ದರಿಂದ ಮಾವ ಎಡಗೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

ಅವರು ಅಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ಮನೆಯ ದೈವದ ಮುಂದಿನ ನೇಮೋತ್ಸವ ಯಾವ ತಿಂಗಳಿಗೆ ಬರಬಹುದು ಅಂತ ಹೇಳಿದರು. ಆಮೇಲೆ, ಏನೂ ವಿಶೇಷವಲ್ಲ ಎಂಬ ದನಿಯಲ್ಲಿಯೇ, “ಅಣ್ಣ, ನೀವು ಅಕ್ಕನನ್ನು ನೋಡಿದ್ದಕ್ಕೆ ಮೈಲಿಗೆ ಕಳೆಯಲಿಕ್ಕೆ ಒಂದು ಶುದ್ಧಕಲಶ ಆಗ್ಬೇಕಲ್ಲ, ಅದನ್ನು ನೇಮದ ಹಿಂದಿನ ದಿನವೇ ಇಟ್ಟುಕೊಳ್ಳುವ. ಗಡಿಯಲ್ಲಿದ್ದ ಹಿಂದಿನ ಮಾವ ತೀರಿಹೋದ ತಾಯಿಯ ಮುಖ ನೋಡಿದಾಗಲೂ ಹಾಗೆಯೇ ಮಾಡಿದ್ದು. ಭಟ್ಟರು ಅರ್ಧ ಗಂಟೆಯಲ್ಲಿ ಮುಗಿಸ್ತಾರೆ,” ಅಂದರು.

ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ಉಳಿಯಿತು. ಗಡಿ ಬಿಡಬಹುದಾ ಅಂತ ನಾವು ಕೇಳಿದ್ದೆವು. ಗಡಿಯಲ್ಲಿದ್ದುಕೊಂಡೇ ನೋಡಬಹುದಾ ಅಂತ ಒಬ್ಬರೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ, ಗೊತ್ತಿದ್ದ ವಿಷಯವಲ್ಲವಾ ಅದು! ಮಾವ ಏನೂ ತಿದ್ದಲಿಲ್ಲ. ಆಯ್ತು, ಹಾಗೇ ಮಾಡು, ಅಂದು ಎಡಗೈಯಲ್ಲಿ ಫೋನು ಕಟ್ ಮಾಡಿದರು. ತಟ್ಟೆಯ ಅನ್ನವನ್ನು ಒಂದು ಕಡೆಗೆ ಒತ್ತರಿಸಿದರು.

ಮಗಳು ತನ್ನ ಕೋಣೆಯಿಂದ ಬಂದು, ಊರಿನವರು ಏನು ಹೇಳಿದರು ಅಜ್ಜ, ಅಂತ ಕೇಳಿದಳು.

“ನೋಡ್ಬಹುದಿತ್ತಂತೆ ಮಗಾ,” ಅಂದರು ಮಾವ.